ಸೋಫಾದ ಮೇಲಿನ ಮಹಾನುಭಾವ

ತಿರುವೈಯಾರಿಗೇ ಹೋಗಿ ತ್ಯಾಗರಾಜರ ಆರಾಧನೆ ಕೇಳಿ ಬರುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಕಾವೇರಿ ದಂಡೆಯ ಚಪ್ಪರದ ಕೆಳಗೆ ಚಕ್ಕಳಮಕ್ಕಳ ಹಾಕಿ, ಮುಂದಿನವರ ತಲೆಗಳ ಸಂದಿಯಲ್ಲಿ ಇಣುಕಿ, ಪಾಪ, ಬರೀ ಸಂಗೀತ ಕೇಳಿಕೊಂಡು ಬರುತ್ತಾರೆ. ಹೇಗಿತ್ತು ಅಂದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ. ಅಷ್ಟು ದೂರ ಹೋಗಿ ತಂದದ್ದು ಒಂದೇ ಮಾತು! ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ ದೂರದರ್ಶನದ ಮುಂದೆ ಕೂತ ನನ್ನ ಹತ್ತಿರ, ಕೊಳಲು ಮುಗಿಯುವಷ್ಟರಲ್ಲಿ ಹತ್ತು ಅಭಿಪ್ರಾಯ ತಯಾರಿರುತ್ತವೆ.

ಪಂಚರತ್ನದ ಗೋಷ್ಠಿ ಗಾಯನವಂತೂ ನನ್ನಂಥ ವಿಮರ್ಶಕನಿಗಾಗಿಯೇ ಇರುವುದು. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಐದಕ್ಕೂ ಆದಿತಾಳವೇ. ಸೋಫಾದ ಕೈ ತಟ್ಟುವವರ ಕಷ್ಟ ತ್ಯಾಗರಾಜರಿಗೆ ಮೊದಲೇ ಗೊತ್ತಿತ್ತು. ನೂರಾರು ಜನ ಒಟ್ಟಿಗೆ ಹಾಡುವಾಗ ಯಾರ ದನಿ ಯಾವುದು ಎಂದು ಅಲ್ಲಿದ್ದವರಿಗೆ ತಿಳಿಯುವುದಿಲ್ಲ. ಇಲ್ಲಿ ಕ್ಯಾಮೆರಾ ಇದೆ. ಯಾರು ಪುಸ್ತಕ ನೋಡುತ್ತಿದ್ದಾರೆ, ಯಾರು ಪಲ್ಲವಿಗೆ ಬಾಯಿ ತೆರೆದು ಚರಣ ಬಂದೊಡನೆ ಕಣ್ಣುಮುಚ್ಚಿ ತಾಳಕ್ಕೆ ಶರಣಾಗುತ್ತಾರೆ, ಯಾರ ರೇಷ್ಮೆ ಸೀರೆ ಹೋದ ವರ್ಷದ್ದೇ, ಎಲ್ಲ ನಿಚ್ಚಳ. ಒಳ್ಳೆಯ ಸಂಗತಿ ಬರುವ ಹೊತ್ತಿಗೆ ಕ್ಯಾಮೆರಾ ವಿಗ್ರಹದ ಅಭಿಷೇಕದ ಕಡೆ ತಿರುಗುತ್ತದೆ. ಹಾಲು, ಅರಿಸಿನ, ಗಂಧ ನೋಡುತ್ತ ಕಿವಿಗೂ ಸ್ವಲ್ಪ ವಿಶ್ರಾಂತಿ.

ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಕಲಿಸಬಾರದು, ಕಲಿಸಿದರೆ ಇಬ್ಬರಿಗೂ ಮನಸ್ತಾಪ ಎಂಬ ನಂಬಿಕೆಯಿದೆ. ಟೀವಿಯಿಂದ ಕಲಿತ ನನಗೂ ಟೀವಿಗೂ ಈವರೆಗೆ ಜಗಳವಿಲ್ಲ. ಈ ಸಲ ಅದೇ ಕೃತಿಯ ವೇಳೆಗೆ ಮೈಸೂರಿನಿಂದ ಭಾವನ ಫೋನು ಬಂತು. “ಕೇಳಿದ್ರಾ ಭಾವ, ಗಾಂಧಾರ ಒಂದು ಚೂರು ಮೇಲೆ ಹೋಯ್ತಲ್ಲ!” ಅಂದೆ. ಆ ರಾಗದಲ್ಲಿ ಗಾಂಧಾರ ಹಾಗೇ ಕೊಂಚ ಏರಿರಬೇಕು ಎಂದು ಆಮೇಲೆ ಒಬ್ಬರು ತಿದ್ದಿದರು. ತಂಬೂರಿ ಹಿಡಿದು ಕಲಿತವರು ಅವರು; ಅಂಥವರಿಗೆ ತಟಸ್ಥ ದೃಷ್ಟಿ ಇರುವುದಿಲ್ಲ. ಫೋನಿಟ್ಟ ಮೇಲೆ ನನ್ನವಳು, “ರೀ, ಆಗಿನಿಂದ ಟೀವಿ ಮ್ಯೂಟ್‌ನಲ್ಲಿದೆ” ಅಂದಳು. ನನಗೇ ರೋಮಾಂಚನವಾಯಿತು. ಸದ್ದಿಲ್ಲದೆಯೂ ಶ್ರುತಿ ಹಿಡಿಯುವ ಕಿವಿ ಎಷ್ಟು ಜನಕ್ಕಿದೆ?

ಕೊನೆಗೆ ಶ್ರೀರಾಗ. ಮಹಾನುಭಾವರಿಗೆಲ್ಲ ತ್ಯಾಗರಾಜರು ವಂದನೆ ಸಲ್ಲಿಸುವ ಕೃತಿ. ಕೂತಲ್ಲಿಂದಲೇ ಸ್ವೀಕರಿಸಿದೆ.

ಒಂದೇ ಒಂದು ಆಕ್ಷೇಪಣೆ. ನಡುವೆ ಸಂಗೀತ ಬಿಟ್ಟು, ಎದುರಿನ ಮಂಟಪದಲ್ಲಿರುವ ಹೆಂಗಸೊಬ್ಬರ ಪ್ರತಿಮೆಯನ್ನು ತೋರಿಸಿದರು. ಪ್ರಸಾರದ ಶಿಸ್ತೇ ಇಲ್ಲ ಎಂದು ಗೊಣಗುತ್ತ ಕಾಫಿಗೆ ಎದ್ದೆ. “ಅವರು ಬೆಂಗಳೂರು ನಾಗರತ್ನಮ್ಮ ಕಣ್ರೀ” ಅಂದಳು ಇವಳು. 1878ರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದವರಂತೆ. ಪಾಳುಬಿದ್ದಿದ್ದ ಸಮಾಧಿಗೆ ಸ್ವಂತ ದುಡ್ಡಿನಲ್ಲಿ ಗುಡಿ ಕಟ್ಟಿಸಿದರಂತೆ. ಹೆಂಗಸರು ಅಲ್ಲಿ ಹಾಡಬಾರದು ಅಂದಾಗ ಹೆಂಗಸರದೇ ಗೋಷ್ಠಿ ಕಟ್ಟಿ ಹಾಡಿದರಂತೆ. 1952ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯನ್ನೂ ಅಲ್ಲೇ, ತ್ಯಾಗರಾಜರಿಗೆ ಮುಖಮಾಡಿ ಮಾಡಿದ್ದಾರಂತೆ.

ಲೋಟ ಹಿಡಿದು ನಿಂತೇ ಇದ್ದೆ. ಅವತ್ತು ನನ್ನ ಹತ್ತಿರ ಅಭಿಪ್ರಾಯವಿಲ್ಲದೆ ಹೋದದ್ದು ಅದೊಂದೇ ವಿಷಯದಲ್ಲಿ.