ಸಾವಿರಕ್ಕೆ ಇಷ್ಟು

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ವಿಳಾಸ ಹೇಳುವುದೊಂದು ಕಲೆ. ಶೆಡ್ಡಿಗೆ ಶೆಡ್ಡು ತಾಗಿ ಎಲ್ಲವೂ ಅವಳಿಜವಳಿ. ಊಟ ತಂದ ಹುಡುಗ ಫೋನು ಮಾಡಿ, "ಅಣ್ಣ, ಮ್ಯಾಪು ಇಲ್ಲೇ ಅಂತ ಹೇಳ್ತದೆ, ಇಲ್ಲಿ ಗೋಡೆ ಮಾತ್ರ ಉಂಟು" ಎನ್ನುತ್ತಾನೆ. ಬಂದರಿಗೆ ಹೋಗುವ ಲಾರಿಗಳ ಹಾರ್ನಿನಲ್ಲಿ ನಾನು ಹೇಳುವ ಎಡ-ಬಲ ಅವನಿಗೆ ಕೇಳಿಸುವುದಿಲ್ಲ. ತಡವಾದ ಲೆಕ್ಕ ಮಾತ್ರ ಅವನ ತಲೆಗೆ.

ನನ್ನ ಅಕ್ಕನ ಮಗಳು ಇಂಥವರ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದಾಳೆ. ಡಿಜಿಟಲ್ ವೇದಿಕೆಗಳು, ಹೊಸ ಬಗೆಯ ದುಡಿಮೆ ಇತ್ಯಾದಿ. ರಜೆಗೆ ಬಂದವಳು ಒಬ್ಬನನ್ನು ನಮ್ಮ ಜಗಲಿಯಲ್ಲಿ ಕೂರಿಸಿ, ಬೆಲ್ಲ-ನೀರು ಕೊಟ್ಟು, "ನೀವು ಕಂಪನಿಯ ನೌಕರರೋ, ಪಾಲುದಾರರೋ?" ಎಂದು ಕೇಳಿದಳು.

"ತಡವಾದ್ರೆ ನೌಕರ, ಬೈಕಿಂದ ಬಿದ್ರೆ ಪಾಲುದಾರ" ಎಂದ. ಇದಕ್ಕಿಂತ ಚೊಕ್ಕ ವ್ಯಾಖ್ಯಾನ ಅವಳ ಪುಸ್ತಕಗಳಲ್ಲಿ ಇರಲಾರದು.

ಒಳಗಿನಿಂದ ಅಮ್ಮ, "ಇದರಲ್ಲಿ ಹೊಸತು ಎಂಥದ್ದು? ನಾವು ಬೀಡಿ ಕಟ್ಟಿದ್ದು ಹೀಗೇ ಅಲ್ವಾ?" ಎಂದರು.

ಹೌದಲ್ಲ! ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರಬೇಕು. ಮನೆ, ಕತ್ತರಿ, ದೀಪದೆಣ್ಣೆ ಕಟ್ಟುವವಳದ್ದೇ. ಮಜೂರಿ ಸಾವಿರಕ್ಕೆ ಇಷ್ಟು. ಬ್ರಾಂಚಿನವ ಕಟ್ಟು ನೋಡಿ ಮನಸ್ಸಿಗೆ ಬಾರದ ಬೀಡಿಗಳನ್ನು ಪಕ್ಕಕ್ಕೆ ತಳ್ಳಿದರೆ ಅಂದಿನ ರೇಟಿಂಗು ಮುಗಿಯಿತು. ಕಾರಣ ಕೇಳುವ ಹಾಗಿಲ್ಲ. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾಯ್ದೆ ಹೇಳಿದ್ದೇ ತಡ, ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕಾಯ್ದೆಯೇ ಗೆದ್ದಿತು. ಆ ಪ್ರಕರಣದ ಹೆಸರಿನಲ್ಲೂ ನಮ್ಮ ಊರುಂಟು: ಮಂಗಳೂರು ಗಣೇಶ್ ಬೀಡಿ ವರ್ಕ್ಸ್.

ಈ ಹುಡುಗರಿಗೆ ನಕ್ಷತ್ರ ಕೊಡುವವರು ನಾವು, ಅದೂ ಸಾರು ಆರಿದ್ದ ಸಿಟ್ಟಿನಲ್ಲಿ. ಕಂಪನಿಗಳಿಗೆ? ಬೆಂಗಳೂರಿನ ಐಐಐಟಿಯ ಬಾಲಾಜಿ ಪಾರ್ಥಸಾರಥಿ, ಜಾನಕಿ ಶ್ರೀನಿವಾಸನ್ ಮತ್ತವರ ಸಂಗಡಿಗರು 'ಫೇರ್‌ವರ್ಕ್' ಯೋಜನೆಯಲ್ಲಿ ಅವಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿದ್ದಾರೆ. 2022ರಲ್ಲಿ ಹನ್ನೆರಡು ಕಂಪನಿಗಳಲ್ಲಿ ಒಂದೂ ಏಳನ್ನು ದಾಟಲಿಲ್ಲ; ಕೆಲವಕ್ಕೆ ಸೊನ್ನೆ. ಮನೆಯಲ್ಲಿ ನಾವಾಗಿದ್ದರೆ ಬಾಸುಂಡೆ ಬರುತ್ತಿತ್ತು.

2025ರಲ್ಲಿ ಕರ್ನಾಟಕವೂ ಇಂಥ 'ಗಿಗ್' ಕಾರ್ಮಿಕರಿಗೆ ಕಾಯ್ದೆ ತಂದಿತು. ಕೆಲಸದಿಂದ ತೆಗೆಯುವ ಮೊದಲು ಕಾರಣ ಕೊಟ್ಟು ಹದಿನಾಲ್ಕು ದಿನದ ನೋಟಿಸು. ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಮೊಮ್ಮಗಳು ಇದನ್ನೆಲ್ಲ ವಿವರಿಸಿದಾಗ ಅಮ್ಮ ಕೇಳಿದ್ದು ಒಂದೇ: "ಆ ದುಡ್ಡು ಹುಡುಗನದ್ದು ಮುರಿಯುವುದಾ, ಧಣಿಗಳದ್ದಾ?"

"ಧಣಿಗಳದ್ದು ಅಜ್ಜಿ."

"ಹಾಗಾದ್ರೆ ಕೋರ್ಟಿಗೆ ಹೋಗ್ತಾರೆ" ಎಂದು ಅಮ್ಮ ಒಲೆಯ ಕಡೆ ನಡೆದರು. ಹುಡುಗಿ ಅದನ್ನೂ ಬರೆದುಕೊಂಡಳು.