ಪಬ್ಬಿನೊಳಗ ಹುಬ್ಬಳ್ಳಿ-ಧಾರವಾಡ

ಕಂಪನಿಯ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗುವ ಹುಬ್ಬಳ್ಳಿ-ಧಾರವಾಡದವರಿಗೆ ಸಂಜೆಯಾದ ಮೇಲೆ ಎರಡೇ ದಾರಿ: ಹೋಟೆಲಿನ ಗೋಡೆ ನೋಡುತ್ತ ಕೂಡುವುದು, ಇಲ್ಲವೇ ಪಬ್ಬಿಗೆ ನಡೆಯುವುದು. ಗೋಡೆ ಮಾತಾಡದ ಕಾರಣ ಹೆಚ್ಚಿನವರು ಎರಡನೆಯದಕ್ಕೆ ಒಲಿಯುತ್ತಾರೆ. ಬೇಕಾದ ತರಬೇತಿ ಊರಿನಲ್ಲೇ ಆಗಿರುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು ಮುಗಿಸುವುದರೊಳಗೆ ಪಕ್ಕದವರ ಊರು, ನೌಕರಿ, ಬೀಗರ ಮನೆತನ ತಿಳಿದುಕೊಳ್ಳುವುದು ಪ್ರಾಥಮಿಕ ಶಿಕ್ಷಣ. ಧಾರವಾಡದ ಸುಭಾಸ ರಸ್ತೆಯಲ್ಲಿ, 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಉನ್ನತ ವ್ಯಾಸಂಗದ ಪೀಠ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಅಲ್ಲಿ ಹರಟಿದವರೇ.

ಪಬ್ಬಿನ ಮೊದಲ ಪಾಠ, ತರಿಸುವುದು. ಕೂತಲ್ಲಿಂದಲೇ 'ತಮ್ಮಾ, ಎರಡ ಚಾ ಕೊಡಪಾ' ಎಂದು ಕೂಗುವ ಪದ್ಧತಿ ಅಲ್ಲಿಲ್ಲ. ಎದ್ದು ಕೌಂಟರಿಗೇ ಹೋಗಬೇಕು. ಅಲ್ಲಿ ಸಾಲು ಕಾಣಿಸುವುದಿಲ್ಲ, ಆದರೆ ಯಾರ ನಂತರ ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಬಿಯರ್ ಕೊಡುವುದು ಪಿಂಟ್ ಲೆಕ್ಕದಲ್ಲಿ, ಅಂದರೆ 568 ಮಿಲಿಲೀಟರ್. ಕುಡಿಯದವರಿಗೆ ಕಾನೂನಿನ ಬೆಂಬಲವಿದೆ: ಇಂಗ್ಲೆಂಡಿನ ಪಬ್ಬುಗಳು ಕೇಳಿದ ಗಿರಾಕಿಗೆ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು. ಆದರೆ ಬರೀ ನೀರಿನ ಮೇಲೆ ಮೂರು ತಾಸು ಕೂತರೆ ಕಾನೂನು ಸುಮ್ಮನಿದ್ದರೂ ಕೌಂಟರಿನವನ ಮುಖ ಸುಮ್ಮನಿರುವುದಿಲ್ಲ. ಆದ್ದರಿಂದ ಕಿತ್ತಳೆ ರಸದ ಗ್ಲಾಸು ಹಿಡಿಯುವುದು ಕ್ಷೇಮ.

ಎರಡನೆಯದು ಮಾತಿನ ಆರಂಭ. ಊರಿನಲ್ಲಿ 'ಯಾವೂರ್ರೀ ನಿಮ್ದು?' ಎಂಬುದು ಮೊದಲ ಪ್ರಶ್ನೆ, 'ಯಾರ ಪೈಕಿ?' ಎಂಬುದು ಎರಡನೆಯದು, 'ಪಗಾರ ಎಷ್ಟು?' ಎಂಬುದಕ್ಕೆ ಚಾ ಬರುವ ತನಕವಾದರೂ ತಡೆಯುತ್ತಾರೆ. ಪಬ್ಬಿನಲ್ಲಿ ಹೆಸರು ಕೊನೆಗೆ, ಪಗಾರ ಎಂದೂ ಇಲ್ಲ, ಮೊದಲಿಗೆ ಹವಾಮಾನ. ಇಲ್ಲಿ ಧಾರವಾಡದವರ ಕೈ ಮೇಲು: ಜೂನ್‌ನಿಂದ ದಿನಗಟ್ಟಲೆ ಹಿಡಿದು ಕೂಡುವ ಜಿಟಿಜಿಟಿ ಮಳೆಯ ಅನುಭವ ಅವರಿಗಿದೆ. ಸುಮಾರು 20 ಕಿಲೋಮೀಟರ್ ಆಚೆಗಿನ ಹುಬ್ಬಳ್ಳಿಗೆ ಅಷ್ಟು ಮಳೆಯಿಲ್ಲ. ಪರದೇಶದಲ್ಲಿ ಹುಬ್ಬಳ್ಳಿಯವರು ಧಾರವಾಡದ ಮಳೆಯನ್ನೇ ಕಡ ತಂದು ಹೇಳುತ್ತಾರೆ. ಮಹಾನಗರಪಾಲಿಕೆ ಬಹುಕಾಲ ಒಂದೇ ಆಗಿದ್ದರಿಂದ ತಕರಾರು ಬರುವುದಿಲ್ಲ.

ಮೂರನೆಯದು ಊರಿನ ಹೆಚ್ಚುಗಾರಿಕೆ. ಹುಬ್ಬಳ್ಳಿಯವರ ಬಳಿ ಜಗತ್ತಿನಲ್ಲೇ ಉದ್ದವಾದ ರೈಲ್ವೆ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್, ಉದ್ಘಾಟನೆ 2023ರ ಮಾರ್ಚ್‌ನಲ್ಲಿ. 1825ರಲ್ಲೇ ರೈಲು ಓಡಿಸಿದ ದೇಶದವರು ಅದನ್ನು ಕೇಳಿ ಗ್ಲಾಸು ಕೆಳಗಿಡುತ್ತಾರೆ. ಆ ತುದಿಯ ಡಬ್ಬಿಯ ತನಕ ಟ್ರಂಕು ಹೊತ್ತು ನಡೆಯುವವರ ಪಾಡನ್ನು ಆಗ ಹೇಳಬಾರದು. ಧಾರವಾಡದವರು ಸಂಗೀತದಿಂದ ಶುರುಮಾಡಿ ಇತಿಹಾಸಕ್ಕೆ ಇಳಿಯುತ್ತಾರೆ: 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಸಂಬಂಧಿ. ಇಷ್ಟು ಕೇಳಿದ ಮೇಲೆ ಇಂಗ್ಲಿಷಿನವರು ರೂಢಿಯಂತೆ 'ಸಾರಿ' ಅನ್ನುತ್ತಾರೆ. ಕೊಂದವರ ಕಡೆಯವರು 'ಇರ್ಲಿ ಬಿಡ್ರಿ' ಎಂದು ದೊಡ್ಡ ಮನಸ್ಸು ಮಾಡುತ್ತಾರೆ.

ನಾಲ್ಕನೆಯದು ಬಿಲ್ಲು. ಹುಬ್ಬಳ್ಳಿಯಲ್ಲಿ ಇದು ಗಲ್ಲಾದ ಮುಂದೆ ನಡೆಯುವ ಕುಸ್ತಿ: ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುವುದು, 'ನನ್ನಾಣಿ ಐತಿ' ಎನ್ನುವುದು, ಅಷ್ಟರಲ್ಲಿ ಸುಮ್ಮನಿದ್ದ ಮೂರನೆಯವರು ಕೊಟ್ಟುಬಿಡುವುದು. ಪಬ್ಬಿನಲ್ಲಿ ಸರದಿಯ ಕ್ರಮವಿದೆ. ಒಂದು ಸುತ್ತು ಒಬ್ಬರದು, ಮುಂದಿನದು ಇನ್ನೊಬ್ಬರದು. ತನ್ನ ಸರದಿ ಬಂದಾಗ ಬಚ್ಚಲು ಹುಡುಕಿಕೊಂಡು ಹೋಗುವವರು ಎರಡೂ ದೇಶಗಳಲ್ಲಿದ್ದಾರೆ.

ಕೊನೆಯದು ಏಳುವುದು. ಧಾರವಾಡದಲ್ಲಿ 'ಬರ್ತೇನ್ರಿ' ಎಂಬುದನ್ನು ಕೂತಲ್ಲಿ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಗಾಡಿಗೆ ಕಿಕ್ ಹೊಡೆದು ಮತ್ತೊಮ್ಮೆ ಹೇಳುತ್ತಾರೆ; ಮುಖ್ಯ ವಿಷಯ ನೆನಪಾಗುವುದು ಮೂರನೆಯ ಸಲ. ಪಬ್ಬಿನಲ್ಲಿ ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಕುರ್ಚಿಗಳು ಮೇಜು ಹತ್ತುತ್ತವೆ.

ಒಟ್ಟಿನಲ್ಲಿ ಈ ಭೇಟಿಗಳಿಂದ ಊರಿಗೆ ತರಬೇಕಾದದ್ದು ಸರದಿಯ ಬಿಲ್ಲೊಂದನ್ನೇ. ಮಾತಿನ ಬಾಬತ್ತಿನಲ್ಲಿ ಹುಬ್ಬಳ್ಳಿ-ಧಾರವಾಡ ಎಂದಿಗೂ ರಫ್ತಿನ ಕೇಂದ್ರ, ಆಮದಿನ ಅಗತ್ಯವಿಲ್ಲ.