ಕಣಕುಂಬಿಯ ಚೀಟಿ ಓದದ ನಾಯಕರಿಗೆ

ಮಾನ್ಯ ನಾಯಕರೆ,

ಕಣಕುಂಬಿಯ ಶಿಬಿರದಲ್ಲಿ ನೆಲದ ಮೇಲೆ ಸುಣ್ಣದಿಂದ ಮಲಪ್ರಭಾ ನದಿ ಬರೆದು, ನಮ್ಮ ಎಂಟು ಜನರಿಗೆ ಪ್ರವಾಹದ ಅಣಕು ಕಾರ್ಯಾಚರಣೆ ಒಪ್ಪಿಸಿದಾಗ ನಾಯಕತ್ವಕ್ಕೆ ಎದ್ದು ನಿಲ್ಲುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ನೀವು ಎದ್ದಿರಿ, ಸೀಟಿ ಕೈಗೆತ್ತಿಕೊಂಡಿರಿ. ಆ ಉಪಕಾರ ಮರೆತಿಲ್ಲ.

ನದಿಯ ಒಂದೊಂದು ಜಾಗ ಒಬ್ಬೊಬ್ಬರ ಪಾಲಿಗೆ; ಅಲ್ಲಿಯ ಸ್ಥಿತಿ ಹೇಳಲು ಹತ್ತು ನಿಮಿಷಕ್ಕೊಂದು ಚೀಟಿ. ಆಟದಲ್ಲಿ ಹತ್ತು ನಿಮಿಷವೆಂದರೆ ಒಂದು ತಾಸು. ಎಲ್ಲರ ಚೀಟಿಗಳನ್ನೂ ನೀವೇ ಸಂಗ್ರಹಿಸಿ ನಮ್ಮ ಹೊರೆ ಇಳಿಸಿದಿರಿ, ಧನ್ಯವಾದಗಳು. ಆದರೆ ಎರಡನೆಯ ಚೀಟಿ ನದಿ ಹುಟ್ಟುವ ಕಣಕುಂಬಿಯದು. ಅದನ್ನು ಹಿಡಿದಿದ್ದವಳು ಅದೇ ಊರಿನ ಹುಡುಗಿ. "ಸರ, ಮ್ಯಾಲೆ ಮಳಿ ಭಾಳ ಐತ್ರಿ, ಹಳ್ಳ ಏರಾಕತ್ತೈತಿ" ಅಂದಳು. "ಆಮ್ಯಾಲ ಹೇಳಂತ, ಕುಂದ್ರವ್ವಾ" ಅಂದಿರಿ. ಚೀಟಿ ನಿಮ್ಮ ಜೇಬು ಸೇರಿತು.

ಘಟ್ಟದ ಮಳೆಯನ್ನು ಹುಟ್ಟಿದಂದಿನಿಂದ ಕಂಡವಳು ನಮ್ಮಲ್ಲಿ ಅವಳೊಬ್ಬಳೇ. ಮೇಲಿನ ಸುದ್ದಿ ಮೊದಲೇ ಕೆಳಗೆ ತಲುಪಿದ್ದರೆ ನವಿಲುತೀರ್ಥದ ಜಲಾಶಯದಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಬರುವ ನೀರಿಗೆ ಜಾಗ ಮಾಡಬಹುದಿತ್ತು. ನಿಮ್ಮ ಅಪ್ಪಣೆ ಬಂದದ್ದು ಐದನೆಯ ಚೀಟಿಗೆ, ಜಲಾಶಯ ತುಂಬಿದ ಮೇಲೆ. ಗೇಟುಗಳನ್ನೆಲ್ಲ ಒಟ್ಟಿಗೆ ತೆರೆಸಿದಿರಿ. ಜಲಾಶಯದ ಕೆಳಗಿನ ಮುನವಳ್ಳಿ, ರಾಮದುರ್ಗದ ಪಾತ್ರಧಾರಿಗಳಿಗೆ ಜನರನ್ನು ಎಬ್ಬಿಸಲೂ ಸಮಯ ಸಿಗಲಿಲ್ಲ. ಅದು ಬರೀ ಸುಣ್ಣದ ಗೆರೆ ಎಂಬುದು ನಿಜ, ಆದರೂ 2019ರ ಆಗಸ್ಟ್‌ನಲ್ಲಿ ಅದೇ ಊರುಗಳಿಗೆ ನದಿ ನುಗ್ಗಿದ್ದನ್ನು ಕಂಡವರು ನಮ್ಮ ಗುಂಪಿನಲ್ಲಿದ್ದರು. ಅವರ ಮುಖ ನನ್ನನ್ನು ಇನ್ನೂ ಕಾಡುತ್ತದೆ.

ಕೊನೆಯ ವಿಮರ್ಶೆಯಲ್ಲಿ "ನಾನು ನಿಭಾಯಿಸಿದೆ" ಎಂದಿರಿ. ತಂಡದ ಪರವಾಗಿ ಮಾತಾಡಿದ್ದಕ್ಕೆ ವಂದನೆ. "ನಾವು" ಎಂಬ ಮಾತು ಅಲ್ಲಿ ಬರಲಿಲ್ಲ. ಆ ಹುಡುಗಿಯ ಹೆಸರೂ ಬರಲಿಲ್ಲ.

ತಪ್ಪು ನಿಮ್ಮದಷ್ಟೇ ಎನ್ನುವಷ್ಟು ಕೃತಘ್ನ ನಾನಲ್ಲ. ಖಾನಾಪುರದ ಸೇತುವೆ ನನ್ನ ಪಾಲಿಗಿತ್ತು. ನೀರು ಏರಿದ್ದು ಮೂರನೆಯ ಚೀಟಿಯಲ್ಲೇ ಗೊತ್ತಾಗಿತ್ತು. ನಿಮ್ಮ ದನಿ ಎತ್ತರದಲ್ಲಿತ್ತು, ನಾನು ಬಾಯಿ ಮುಚ್ಚಿಕೊಂಡೆ. ಎಂಟರಲ್ಲಿ ಆರು ಜನ ಹಾಗೆ ಬಾಯಿ ಮುಚ್ಚಿಕೊಂಡರೆ ನಾಯಕನಿಗೆ ತನ್ನ ದನಿಯೊಂದೇ ಕೇಳುತ್ತದೆ.

ಆದ್ದರಿಂದ ವಿನಮ್ರ ಬಿನ್ನಹ: ಮಳೆಗಾಲಕ್ಕೆ ಮುಂಚೆ ಈ ಅಭ್ಯಾಸ ಇನ್ನೊಮ್ಮೆ ನಡೆಯಲಿ. ನಾಯಕರು ನೀವೇ ಆಗಿರಿ, ನನಗೆ ಬೇಸರವಿಲ್ಲ. ಸೀಟಿ ಮಾತ್ರ ಕಣಕುಂಬಿಯ ಹುಡುಗಿಯ ಕೈಯಲ್ಲಿರಲಿ. ಅವಳು ಊದಿದಾಗ ದಯವಿಟ್ಟು ಮಾತು ನಿಲ್ಲಿಸಿ, ಚೀಟಿ ಓದಿ.

ಇಂತಿ ನಿಮ್ಮ ವಿಧೇಯ,
ಖಾನಾಪುರ ಸೇತುವೆಯ ಕಾವಲುಗಾರ